ಕಬ್ಬಿನ ತುದಿಗಳ ಕಳವು

೧೯೭೭ರ ಜನವರಿ ೩, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ರಾಜಾಜಿನಗರದ ವೆಂಕಟಗಿರಿ ಕೆಂಗೇರಿ ಠಾಣೆಗೆ ಬಂದು ದೂರು ಕೊಟ್ಟರು. ಹೇರೋಹಳ್ಳಿಯಲ್ಲಿ ಅವರ ತಂದೆ ಬಿಟ್ಟುಹೋದ ಪಟ್ಟೆ ಕಬ್ಬಿನ ತೋಟವಿತ್ತು. ಯಾರೋ ಒಂದು ಸಾಲಿನ ಕಬ್ಬಿನ ತಲೆ ಕಡಿದು ಒಯ್ದಿದ್ದರು.

"ಗರಿ ಇಲ್ಲದ ಕಬ್ಬನ್ನ ಸಂಕ್ರಾಂತಿಗೆ ಯಾರು ಸಾರ್ ತಗೋತಾರೆ? ಹಬ್ಬ ಆದ್ಮೇಲೆ ಅಲ್ಲಿ ಸೈಟ್ ಮಾಡಿಸ್ತಾ ಇದೀನಿ. ಇದೇ ಕೊನೇ ಬೆಳೆ."

ಐಪಿಸಿ ೩೭೯ರಡಿ ಎಫ್‌ಐಆರ್ ಆಯಿತು. ಮಧ್ಯಾಹ್ನದೊಳಗೆ ಕಾನ್‌ಸ್ಟೇಬಲ್ ಕೆಂಚಪ್ಪ ಕಾಮಾಕ್ಷಿಪಾಳ್ಯದ ಕಬ್ಬಿನಹಾಲಿನ ಗಾಡಿಯವನೊಬ್ಬನನ್ನು ಎಳೆದು ತಂದಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ಕೆಂಚಪ್ಪ ನಿಸ್ಸೀಮ.

ತೋಟದಲ್ಲಿ ಪಂಚನಾಮೆ ಬರೆಸುತ್ತ ಇನ್‌ಸ್ಪೆಕ್ಟರ್ ಪುರುಷೋತ್ತಮ ಉಳಿದ ಕಬ್ಬೊಂದನ್ನು ಮುರಿದು ಅಗಿದರು. ರಸ ಮೊಣಕೈವರೆಗೆ ಇಳಿಯಿತು.

"ಸಿಹಿ ಎಲ್ಲ ಬುಡದಲ್ಲೇ ಇದೆಯಲ್ಲೋ ಕೆಂಚಪ್ಪ. ಸಪ್ಪೆ ತುದಿ ಒಯ್ದು ಯಾವನು ಹಾಲು ಹಿಂಡ್ತಾನೆ?"

"ದನಕ್ಕಿರ್ಬೇಕು ಸಾರ್."

"ದನ ತಿನ್ನೋದು ಗರೀನ. ಅದನ್ನ ಇಲ್ಲೇ ಸುಲಿದು ಬಿಸಾಕಿದಾರೆ. ಎಳೇ ಗಿಣ್ಣು ಮಾತ್ರ ಹೋಗಿದೆ. ಇದು ತಿನ್ನೋರ ಕೆಲಸ ಅಲ್ಲ ಕಣಯ್ಯ, ನೆಡೋರ ಕೆಲಸ."

ಗಾಡಿಯವನನ್ನು ಟೀ ಕುಡಿಸಿ ಕಳಿಸಿದರು. ಕಳವಾದ ಬೆಳಿಗ್ಗೆ ತೋಟದ ಬಳಿ ಜಟಕಾ ನಿಂತಿದ್ದನ್ನು ಪಕ್ಕದ ಹೊಲದವರು ನೋಡಿದ್ದರು. ಅದನ್ನು ಹೊಡೆಯುವ ನಾಗರಾಜು ಹಬ್ಬಕ್ಕೆ ಊರಿಗೆ ಹೋದವನು ತಿಂಗಳ ಕೊನೆಗೆ ಮರಳಿದ.

"ಟೀಚರಮ್ಮ ಸಾರ್, ಬಸವೇಶ್ವರನಗರ. ದಾರೀಲಿ ಎರಡು ಸಲ ಗಾಡಿ ನಿಲ್ಸಿ ಗೋಣಿಗೆ ನೀರು ಚಿಮುಕಿಸಿದ್ರು."

ಜನವರಿ ೨೮, ಸಂಜೆ ನಾಲ್ಕು ಗಂಟೆ. ಮಾಲು ಗುರುತಿಸಲು ಕರೆತಂದಿದ್ದ ವೆಂಕಟಗಿರಿ ಟೀಚರಮ್ಮನ ಮನೆಯ ಗೇಟಿನ ಮುಂದೆ ಬೆಪ್ಪಾಗಿ ನಿಂತರು. ಅದು ಅವರ ಸ್ವಂತ ಅಕ್ಕ ಸತ್ಯವತಿಯ ಮನೆ. ಹಿತ್ತಲಿನ ಪಾತಿಯಲ್ಲಿ ಸಾಲಾಗಿ ಹಸಿರು ಮೊಳಕೆಗಳು ಬೆರಳುದ್ದ ಎದ್ದಿದ್ದವು.

"ನೀವೇ ತಂದಿರಾ?" ಎಂದರು ಪುರುಷೋತ್ತಮ.

"ಹೌದು."

"ತಮ್ಮನನ್ನೇ ಕೇಳ್ಬೋದಿತ್ತಲ್ಲ?"

"ಎರಡು ಸಲ ಕೇಳ್ದೆ. ಮಾರ್ಕೆಟ್‌ನಲ್ಲಿ ಕಬ್ಬು ಸಿಗಲ್ವಾ ಅಂದ. ನಾವು ಕಬ್ಬನ್ನ ಬೀಜದಿಂದ ಬೆಳೆಯಲ್ಲ ಸಾರ್. ತುಂಡು ನೆಟ್ರೆ ಅದೇ ಗಿಡ ಮತ್ತೆ ಬರತ್ತೆ. ಅಪ್ಪ ನೆಟ್ಟದ್ದೇ ಇದು. ತೋಟ ಹೋದ್ರೆ ಮುಗೀತು, ಎಲ್ಲಿಂದ ತರ್ಲಿ?"

ಮಾಲು ಜಪ್ತಿಯಾಗಬೇಕು. ಕೆಂಚಪ್ಪ ಕೀಳಲು ಬಗ್ಗಿದ. ಸತ್ಯವತಿ ಅಡ್ಡ ಬಂದರು.

"ನನ್ನನ್ನ ಕರ್ಕೊಂಡು ಹೋಗಿ. ಅದನ್ನ ಕೀಳ್ಬೇಡಿ."

ಪುರುಷೋತ್ತಮ ಕೆಂಚಪ್ಪನನ್ನು ತಡೆದರು. ಪಂಚನಾಮೆಯಲ್ಲಿ ಬರೆಸಿದರು: ಮಾಲು ಬೇರು ಬಿಟ್ಟಿರುವ ಕಾರಣ ಸ್ಥಳದಲ್ಲಿಯೇ ಇರಿಸಿ, ಫಿರ್ಯಾದಿ ವೆಂಕಟಗಿರಿಯವರ ಸುಪರ್ದಿಗೆ ಕೊಡಲಾಗಿದೆ. ವೆಂಕಟಗಿರಿ ತಲೆಯೆತ್ತದೆ ಸಹಿ ಹಾಕಿದರು. ಸತ್ಯವತಿಯನ್ನು ದಸ್ತಗಿರಿ ಮಾಡಿ ಠಾಣೆಗೆ ಕರೆತಂದರು. ಕದ್ದದ್ದು ಕದ್ದದ್ದೇ, ಆದರೆ ಇಂಥ ಕಳ್ಳಿಯನ್ನು ಹಿಡಿದ ಹೆಮ್ಮೆ ಯಾರಿಗೂ ಇರಲಿಲ್ಲ.

ಏಳು ಗಂಟೆಗೆ ವೆಂಕಟಗಿರಿ ಜಾಮೀನು ನಿಲ್ಲಲು ಬಂದರು. ಪಂಚೆಯ ಅಂಚು ಒದ್ದೆಯಾಗಿತ್ತು. ಅಕ್ಕ ಬೆಂಚಿನಿಂದ ಎದ್ದು, "ಗಿರಿ, ಅದಕ್ಕೆ ಇವತ್ತು ನೀರು ಹಾಕಿಲ್ಲ ಕಣೋ," ಎಂದರು.

"ಹಾಕಿ ಬಂದೆ ಕಣಕ್ಕ. ಒಂದು ಮೊಳಕೆ ವಾಲಿತ್ತು, ಮಣ್ಣು ಏರಿಸಿದೀನಿ."