ಅಂಬಿಯ ಚಿತ್ರಕ್ಕೆ ಎಳೆದ ಕೆಂಪು ಗೀಟು

"ಇದ್ರಲ್ಲಿ ತಪ್ಪೇನೈತೆ, ತೋರ್ಸಿ."

ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳಿದವನನ್ನು ಪುಟ್ಟಲಕ್ಷ್ಮಿ ಹಿಂದೆಂದೂ ನೋಡಿರಲಿಲ್ಲ. ಸೊಪ್ಪು ಕೊಯ್ಯುತ್ತಿದ್ದವನು ಹಾಗೇ ಎದ್ದು ಬಂದಿದ್ದ. ಪಂಚೆ ಎತ್ತಿ ಕಟ್ಟಿತ್ತು, ಕಣ್ಣು ಕೆಂಡವಾಗಿತ್ತು. ಒಂದು ಕಾಗದವನ್ನು ಅವಳ ಮೇಜಿನ ಮೇಲೆ ಎಸೆದ.

ಕಾಗದದಲ್ಲಿ ಎರಡು ಅಂಗೈಗಳ ಚಿತ್ರ. ಎಡಗೈಗೆ ಐದು ಬೆರಳು, ಬಲಗೈಗೆ ಮೂರೇ ಮೂರು. ಅದರ ಮೇಲೆ ಅವಳೇ ಎಳೆದ ಕೆಂಪು ಗೀಟು. 'ಸರಿಯಾಗಿ ಬರೆ' ಎಂಬ ಅವಳದೇ ಅಕ್ಷರ.

ಮೊನ್ನೆ ಎರಡನೇ ಕ್ಲಾಸಿನ ಮಕ್ಕಳಿಗೆ ಅವಳು ಸಮ್ಮಿತಿಯ ಪಾಠ ಮಾಡಿದ್ದಳು. ಆ ದೊಡ್ಡ ಪದವನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಕಾಗದದ ಚಿಟ್ಟೆ ಮಡಚಿಸಿ, ನಡುಗೆರೆಯ ಎರಡೂ ಕಡೆ ಒಂದೇ ಥರ ಇರುವುದನ್ನು ತೋರಿಸಿದ್ದಳು. ನಮ್ಮ ಎರಡು ಕೈಯೂ ಹಾಗೇ, ಮನೆಯಲ್ಲಿ ಬರೆದು ತನ್ನಿ ಎಂದಿದ್ದಳು. ವಾರದ ಹಿಂದಷ್ಟೇ ಶಾಲೆಗೆ ಸೇರಿದ್ದ ಅಂಬಿ ಮರುದಿನ ತಂದ ಚಿತ್ರವನ್ನು ಕಂಡು, ಹುಡುಗಿಗೆ ಗಮನವಿಲ್ಲ ಅಂದುಕೊಂಡಿದ್ದಳು...

"ಮಕ್ಕಳ ಮುಂದೆ ಕೂಗಾಡಬೇಡಿ, ಆಚೆ ನಡೀರಿ," ಎಂದಳು ಪುಟ್ಟಲಕ್ಷ್ಮಿ. ಅವಳಿಗೂ ಸಿಟ್ಟು ನೆತ್ತಿಗೇರಿತ್ತು.

"ವೋಯ್ತೀನಿ. ಒಂದ್ ವಾರದಿಂದ ಪಾಠ ಯೋಳ್ತಿದ್ದೀರಲ್ಲ, ಆ ಮಗೀನ ಕೈಯ ಒಂದ್ಸಲನಾದ್ರೂ ನೋಡಿದ್ರಾ?"

ಅವಳು ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು.

ಅಂಬಿ ಎಡಗೈಯಲ್ಲಿ ಬರೆಯುತ್ತಿದ್ದಳು. ಬಲಗೈ ಯಾವಾಗಲೂ ಅಂಗಿಯ ಉದ್ದ ತೋಳಿನೊಳಗೇ ಇರುತ್ತಿತ್ತು. ಆ ಮಗು ತನ್ನ ಕೈ ಹೇಗಿದೆಯೋ ಹಾಗೇ ಬರೆದು ತಂದಿತ್ತು!

ಅವನು ಚಿಕ್ಕಬೀರಯ್ಯ, ಅಂಬಿಯ ಸೋದರಮಾವ. ಇನ್ನು ಹುಡುಗಿಯನ್ನು ಶಾಲೆಗೆ ಕಳಿಸುವುದಿಲ್ಲ ಎಂದು ಹೇಳಿ ಹೊರಟೇಹೋದ.

ಆ ವರ್ಷಗಳಲ್ಲಿ, ಶಾಲೆಯಿದ್ದ ಮರಳವಾಡಿಯ ಸುತ್ತ, ರಾಗಿ ಬೆಳೆಯುತ್ತಿದ್ದವರೂ ಹಿಪ್ಪುನೇರಳೆ ಹಾಕಿದ್ದರು. ರೇಷ್ಮೆಗೂಡು ತುಂಬಿದ ಚೀಲಗಳು ದಿನಾ ರಾಮನಗರದ ಬಸ್ಸು ಹತ್ತುತ್ತಿದ್ದವು. ಅಂಬಿಯ ತಾಯಿ ದಾಸಮ್ಮ ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವಳು. ಎರಡು ವರ್ಷದ ಹಿಂದೆ ಅಲ್ಲಿಯ ಕುದಿಯುವ ನೀರಿನಲ್ಲೇ ಮಗುವಿನ ಕೈ ಬೆಂದು ಎರಡು ಬೆರಳು ಹೋದದ್ದು, ಅವತ್ತಿನಿಂದ ದಾಸಮ್ಮನ ತಮ್ಮ ಚಿಕ್ಕಬೀರಯ್ಯ ಕಂಡವರ ಮೇಲೆಲ್ಲ ಹಾಯುತ್ತಿರುವುದು, ಈಚೆಗೆ ತಾಯಿ ಮಗಳಿಬ್ಬರೂ ಇನ್ನೂ ಮದುವೆಯಾಗದ ಅವನ ಮನೆ ಸೇರಿದ್ದು... ಇಷ್ಟನ್ನು ಪುಟ್ಟಲಕ್ಷ್ಮಿ ಆ ಸಂಜೆ ಊರವರಿಂದ ತಿಳಿದಳು. ತನ್ನ ಮೇಲೆ ತನಗೇ ಬಂದ ಸಿಟ್ಟು ಯಾವ ಕಡೆಗೂ ಹರಿಯದೆ ಎದೆಯಲ್ಲೇ ನಿಂತಿತು.

ಮರುದಿನ ಅವನ ಮನೆಗೆ ಹೋದಳು. ರೇಷ್ಮೆಹುಳ ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತಿವೆ, ಹೊರಗಿನವರು ಒಳಗೆ ಬರಬಾರದು ಎಂದು ಅವನು ಬಾಗಿಲಿಗೆ ಅಡ್ಡ ನಿಂತ. ಅವಳು ಅಂಗಳದಲ್ಲೇ ನಿಂತು ತಪ್ಪೊಪ್ಪಿಕೊಂಡಳು. ಅವನು ಮುಖ ತಿರುಗಿಸಿದ.

ಒಳಗೆ ಅಂಬಿ ಸೊಪ್ಪಿನ ಗುಡ್ಡೆಯ ಹಿಂದೆ ಕೂತಿದ್ದಳು. ಆಗಲೂ ಬಲಗೈ ತೋಳಿನೊಳಗೇ.

ಅದನ್ನು ಕಂಡು ಪುಟ್ಟಲಕ್ಷ್ಮಿಗೆ ತಡೆಯಲಾಗಲಿಲ್ಲ. "ನಾನು ನೋಡದೆ ತಪ್ಪು ಮಾಡಿದೆ. ನೀವು? ಇಷ್ಟುದ್ದ ತೋಳು ಹೊಲಿಸಿ, ಯಾರಿಗೂ ತೋರಿಸಬೇಡ ಅಂತ ಹೇಳಿಕೊಟ್ಟಿದ್ದು ಯಾರು? ಆ ಕೈ ಕಂಡರೆ ನಾಚಿಕೆ ಅವಳಿಗಲ್ಲ, ನಿಮಗೆ."

ಅವನ ಕೈ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು. ಬೈಯುತ್ತಾನೆ ಅಂದುಕೊಂಡಳು. ಬೈಯಲಿಲ್ಲ.

"ನಾಚ್ಕೆ ಅಲ್ಲ," ಅಂದ. "ಅವತ್ತು ಅಕ್ಕನ್ ತಾವ ಗೂಡು ಆಕಾಕೆ ನಾನೇ ವೋಗಿದ್ದೆ. ಮಗೀನ ಎತ್ಕೊಂಡಿದ್ದೆ. ಒಸಿ ಒತ್ತು ಕೆಳಗಿಳ್ಸ್ದೆ... ಅಷ್ಟೇಯ. ಆ ಕೈ ಕಂಡಾಗೆಲ್ಲ ನಂಗೆ ಉಸ್ರು ನಿಂತೋಯ್ತದೆ."

ಎರಡು ವರ್ಷದಿಂದ ಅವನು ಊರ ಮೇಲೆಲ್ಲ ಹಾಯುತ್ತಿದ್ದದ್ದು ತನ್ನ ಮೇಲಿನ ಸಿಟ್ಟಿನಿಂದ ಎಂದು ಅವಳಿಗೆ ಆಗ ಅರ್ಥವಾಯಿತು. ಅವಳೂ ಹಿಂದಿನ ದಿನದಿಂದ ಅದೇ ಸಿಟ್ಟಿನಲ್ಲಿ ಬೇಯುತ್ತಿದ್ದಳಲ್ಲ!

"ನಾಳೆ ಕಳಿಸಿ," ಎಂದಳು ಮೆಲ್ಲಗೆ. "ನೀವೂ ಬನ್ನಿ. ತಪ್ಪಾದರೆ ಅಲ್ಲೇ ಬೈಯಿರಿ."

ಅವನು ಬಂದು ಕಿಟಕಿಯಾಚೆ ಗಂಟಿಕ್ಕಿದ ಮುಖದಲ್ಲೇ ನಿಂತ. ಪುಟ್ಟಲಕ್ಷ್ಮಿ ಮಕ್ಕಳೆದುರು, ಅಂಬಿಯ ಚಿತ್ರ ಸರಿಯಾಗಿತ್ತು, ನೋಡದೆ ಗೀಟು ಹಾಕಿದ್ದು ನನ್ನ ತಪ್ಪು ಎಂದಳು. ಆಮೇಲೆ ಒಂದು ಹೊರೆ ಹಿಪ್ಪುನೇರಳೆ ಎಲೆ ಸುರಿದಳು. ಒಂದೇ ಗಿಡದಲ್ಲಿ ಕೆಲವು ಎಲೆ ದುಂಡಗೆ, ಕೆಲವು ಒಂದೇ ಪಕ್ಕ ಸೀಳಿದಂತೆ. ಮಕ್ಕಳು ಮಡಚಿ ಮಡಚಿ, ಸೇರುವವು ಒಂದು ಕಡೆ, ಸೇರದವು ಒಂದು ಕಡೆ ಇಟ್ಟರು. ಎರಡು ಗುಡ್ಡೆಗೂ ಅವಳು ಸರಿ ಗುರುತು ಹಾಕಿದಳು.

ಅಂಬಿ ಅಂಗಿಯ ತೋಳು ಮೇಲೆ ಸರಿಸಿ, ಎರಡೂ ಅಂಗೈ ಜೋಡಿಸಿ ನೋಡಿದಳು.

"ನನ್ ಕೈ ಸೇರಾಕಿಲ್ಲ ಮೇಡಂ," ಎಂದು, ಎಲೆಯ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿದಳು.

ಪಕ್ಕದ ಹುಡುಗಿ ಮುಟ್ಟಿ ನೋಡಿ, ನೋವಾಗುತ್ತಾ ಎಂದು ಕೇಳಿದಳು. ಇಲ್ಲ ಎಂದಳು ಅಂಬಿ. ಅಷ್ಟಕ್ಕೇ ಮುಗಿಯಿತು.

ಕಿಟಕಿಯಾಚೆ ಚಿಕ್ಕಬೀರಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಅವತ್ತಿನಿಂದ ಅಂಬಿಯನ್ನು ಶಾಲೆಗೆ ಬಿಡಲು ಅವನೇ ಬರತೊಡಗಿದ. ಎರಡು ಮಾತಿಗೆ ಒಂದು ಜಗಳ. ಆದರೂ ಅವನು ಬಾರದ ದಿನ ಪುಟ್ಟಲಕ್ಷ್ಮಿಯ ಕಣ್ಣು ಬಾಗಿಲಿಗೇ ಹೋಗುತ್ತಿತ್ತು. ಯಾಕೆ? ಅವಳಿಗೆ ತನ್ನ ಮೇಲೇ ಮುನಿಸು.

ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವನು ಮತ್ತೆ ಕೆಂಡವಾಗಿ ಬಂದ. ಅವಳಿಗೆ ತಿಪ್ಪಸಂದ್ರಕ್ಕೆ, ಅಂದರೆ ಅವಳ ಅಪ್ಪನ ಊರಿಗೇ, ವರ್ಗವಾಗಿರುವ ಸುದ್ದಿ ಕೇಳಿದ್ದ.

"ವೋಗಾದಾದ್ರೆ ಮಗೀಗೆ ಯೋಳ್ಬುಟ್ಟು ವೋಗಿ."

"ಮಗುವಿಗೆ ಮಾತ್ರ ಹೇಳಿದರೆ ಸಾಕಾ?"

ಅವನು ನೆಲ ನೋಡಿದ. ಸಿಟ್ಟೆಲ್ಲ ಎಲ್ಲಿ ಹೋಯಿತೋ...

"ನಂಗ್ ಯೋಳ್ಬ್ಯಾಡಿ. ಯೋಳುದ್ರೆ ನಾನು ಬುಡಾಕಿಲ್ಲ."

ಪುಟ್ಟಲಕ್ಷ್ಮಿಯ ಕಣ್ಣು ತುಂಬಿತು. "ಬೈಯೋಕೆ ಒಂದು ನಿಮಿಷ ಸಾಕು ನಿಮಗೆ. ಇದನ್ನ ಹೇಳೋಕೆ ಆರು ತಿಂಗಳು ಬೇಕಾಯ್ತಾ?" ವರ್ಗ ನಾನು ಕೇಳಿದ್ದಲ್ಲ, ರದ್ದು ಮಾಡಿ ಎಂದು ನಿನ್ನೆಯೇ ಕನಕಪುರದ ಆಫೀಸಿಗೆ ಬರೆದು ಕೊಟ್ಟಿದ್ದೇನೆ ಎಂದಳು.

ಅವನು ತಲೆ ಎತ್ತಿದ. "ಅಂಗಾದ್ರೆ... ನಿಮ್ಮಪ್ಪಾರ್ ತಾವ ಬತ್ತೀನಿ. ಯಾವತ್ತು ಬರ್ಲಿ?"

"ಹುಳ ಹಣ್ಣಾಗಿ ಗೂಡು ಕಟ್ಟಿದ ಮೇಲೆ ಬನ್ನಿ. ನಮ್ಮಪ್ಪನೂ ಹುಳ ಸಾಕ್ತಾರೆ. ಹುಳ ಬಿಟ್ಟು ಬಂದವರಿಗೆ ಹೆಣ್ಣು ಕೊಡಲ್ಲ."

"ಇನ್ನೂ ಎಂಟ್ ದಿನ ಐತೆ," ಅಂದ ಅವನು, ತಡೆಯಲಾರದವನಂತೆ.

"ನಾನೆಲ್ಲೂ ಹೋಗಲ್ಲ," ಅಂದಳು ಪುಟ್ಟಲಕ್ಷ್ಮಿ.