ಆರನೇ ಬ್ಲಾಕಿನಲ್ಲಿ ಆನೆ ಇಲ್ಲ

ಕಾಫಿ ಗಿಡಗಳ ನಡುವೆ, ಆನೆ ಇಪ್ಪತ್ತು ಅಡಿ ದೂರದಲ್ಲಿತ್ತು.

ನನ್ನ ಕೈಯಲ್ಲಿದ್ದ ಫೋನು ಸ್ಪೀಕರಿನಲ್ಲಿ ಹೇಳುತ್ತಿತ್ತು: "ಆರನೇ ಬ್ಲಾಕಿನಲ್ಲಿ ಈಗ ಯಾವ ಆನೆಯೂ ಇಲ್ಲ. ನಿಶ್ಚಿಂತೆಯಿಂದ ಕೆಲಸ ಮಾಡಬಹುದು."

ಸಲಗವೂ ಅದನ್ನು ಕೇಳಿಸಿಕೊಂಡಿತು. ಕಿವಿ ಅಗಲಿಸಿತು...

ಆ ದನಿಗೆ ಕೆಲಸ ಕಲಿಸಿದವನು ನಾನೇ, ಸ್ವಾಮಿ!

"ಸಾರ್, ಓಡಿ!" ಮೇಸ್ತ್ರಿ ಶಿವಯ್ಯ ಕೂಗಿದ.

ಓಡಿದೆ. ಹನ್ನೊಂದು ವರ್ಷ ಮೆಣಸು ಕಳ್ಳರನ್ನು ಅಟ್ಟಿಸಿಕೊಂಡು ಹೋದವನು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಬೆಳಿಗ್ಗೆ ನಾನು ಓಡಿದ ರೀತಿ ನೋಡಿದ್ದರೆ ಆ ಕಳ್ಳರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚಪ್ಪಲಿ ಒಂದು ಕಡೆ, ನಾನೊಂದು ಕಡೆ. ಹಿಂದೆ ಗೊಬ್ಬರದ ಬುಟ್ಟಿ ಎಸೆದು ಓಡುತ್ತಿದ್ದ ಹದಿನಾಲ್ಕು ಹೆಂಗಸರು. ಅವರೆಲ್ಲರೂ ನನ್ನನ್ನು ದಾಟಿ ಹೋದರು!

ಒಬ್ಬರನ್ನು ಬಿಟ್ಟು.

ಒಣ ಕೋಲು ಮುರಿದ ಹಾಗೆ ಒಂದು ಸದ್ದು. ಅದು ಕೋಲಲ್ಲ. ಶಿವಯ್ಯನ ಹೆಂಡತಿ ಮರಿಯಮ್ಮ ಚರಂಡಿಗೆ ಬಿದ್ದಿದ್ದರು.

ಸಲಗ ಚರಂಡಿಯ ಅಂಚಿಗೆ ಬಂದು ನಿಂತಿತು. ಸೊಂಡಿಲು ಇಳಿಸಿತು... ಮೂಸಿತು... ಮರಿಯಮ್ಮ ಉಸಿರು ಬಿಗಿಹಿಡಿದು ಮಲಗಿದ್ದರು. ಮೇಲಿನ ದಿಣ್ಣೆಯಿಂದ ಹಣ್ಣಾದ ಹಲಸಿನ ವಾಸನೆ ಬಂತು. ಸಲಗ ಒಂದು ಗಳಿಗೆ ಯೋಚಿಸಿ, ಹಲಸಿನ ಕಡೆ ತಿರುಗಿತು.

ಅವತ್ತು ನಮ್ಮನ್ನು ಉಳಿಸಿದ್ದು ಒಂದು ಹಲಸಿನ ಮರ. ನನ್ನ ತಂತ್ರಜ್ಞಾನವಲ್ಲ.

ನನ್ನ ಹೆಸರು ವೀರೇಂದ್ರ. ಮೂಡಿಗೆರೆಯಲ್ಲಿ ಟೈಲರ್ ಅಂಗಡಿಯ ಮಾಳಿಗೆ ಮೇಲೆ ನನ್ನ ಆಫೀಸು. ಮೊದಲು ಎಸ್ಟೇಟುಗಳಲ್ಲಿ ಕಳ್ಳರನ್ನು ಹಿಡಿಯುತ್ತಿದ್ದೆ. ಆಮೇಲೆ ಕಂಪ್ಯೂಟರ್ ಹಿಡಿದೆ. ಕಳ್ಳರು ನೆಮ್ಮದಿಯಾಗಿದ್ದಾರೆ.

ಇಪ್ಪತ್ತಾರು ಎಸ್ಟೇಟಿನ ಮಾಲೀಕರು ಸೇರಿ ನನಗೊಂದು ಕೆಲಸ ಕೊಟ್ಟಿದ್ದರು. ತೋಟದವರು ಫೋನ್ ಮಾಡಿ, ಆನೆ ಎಲ್ಲಿದೆ ಎಂದು ಕನ್ನಡದಲ್ಲೇ ಕೇಳಬೇಕು. ಎಐ ಏಜೆಂಟ್ ಉತ್ತರ ಹೇಳಬೇಕು. ಆದರೆ ಏಜೆಂಟಿಗೆ ಬಾಯಿ ಇದೆ, ಕಣ್ಣಿಲ್ಲ. ತಾನಾಗಿ ಯಾವ ದಾಖಲೆಯನ್ನೂ ತೆರೆದು ನೋಡಲಾರದು. ಅದಕ್ಕೆ ಟೂಲ್ ಬೇಕು, ಅಂದರೆ ಒಂದು ಸಣ್ಣ ಪ್ರೋಗ್ರಾಂ. ಕಾಡಂಚಿನ ಕ್ಯಾಂಪಿನಲ್ಲಿ ಆನೆ ಟ್ರ್ಯಾಕರುಗಳು ತಮ್ಮ ಕಂಪ್ಯೂಟರಿನಲ್ಲಿ ಬರೆದಿಡುವುದನ್ನು ಹುಡುಕಿ ತಂದು ಏಜೆಂಟಿನ ಕೈಗೆ ಕೊಡುವ ಟೂಲ್. ಅದನ್ನು ಬರೆದವನು ನಾನು. ತೋಟದವರು ಏಜೆಂಟಿಗೆ 'ಹೊಸ ರೈಟ್ರು' ಎಂದು ಹೆಸರಿಟ್ಟಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ಹಳೆಯ ರೈಟರಿಗಿಂತ ಮರ್ಯಾದೆಯಾಗಿ ಮಾತಾಡುತ್ತದಂತೆ!

ಮರಿಯಮ್ಮನನ್ನು ಕಂಬಳಿಯಲ್ಲಿ ಎತ್ತಿ ಎಸ್ಟೇಟ್ ಜೀಪಿಗೆ ಹಾಕಿದೆವು. ಶಿವಯ್ಯ ಜೀಪು ಹತ್ತುವ ಮೊದಲು ನನ್ನ ಹತ್ತಿರ ಬಂದ.

"ನಿಮ್ಮ ರೈಟ್ರು ಸುಳ್ಳು ಹೇಳ್ತು ಸಾರ್."

"ಅದು ಸುಳ್ಳು ಹೇಳಲ್ಲ ಶಿವಯ್ಯ. ಯಾರೋ ಕೈ ಹಾಕಿದಾರೆ."

"ಯಾರು?"

"ಹಿಡೀತೀನಿ!"

ಬರಿಗಾಲಿನಲ್ಲಿ ನಿಂತು ಹೇಳಿದೆ. ಶಿವಯ್ಯ ನನ್ನ ಕಾಲು ನೋಡಿದ. ಜೀಪು ಹತ್ತಿದ.

ಯಾರು ಎಂದು ನನಗೆ ಗೊತ್ತಿತ್ತು. ನಾಗೇಶ! ಹೋಂಸ್ಟೇ ನಡೆಸುವವನು, ಟೂರಿಸ್ಟುಗಳನ್ನು ಜೀಪಿನಲ್ಲಿ ಗುಡ್ಡ ಹತ್ತಿಸುವವನು. ವಾರದ ಹಿಂದೆ ಟೀ ಅಂಗಡಿಯಲ್ಲಿ ಹತ್ತು ಜನರ ಮುಂದೆ ನನಗೆ ಹೇಳಿದ್ದ:

"ದಿನಾ ಆನೆ, ಆನೆ ಅಂತ ಹೆದರಿಸ್ತಿದ್ರೆ ನಮ್ಮಲ್ಲಿಗೆ ಯಾರು ಬರ್ತಾರೆ ಮಾರಾಯ? ಒಂದಿನ ನಿನ್ನ ಮಿಷಿನ್ ಬಾಯಿ ಮುಚ್ತದೆ, ನೋಡ್ತಿರು."

ಉದ್ದೇಶ ಇದೆ. ಬೆದರಿಕೆ ಇದೆ. ಸಾಕ್ಷಿ ಹತ್ತು ಜನ. ಕೇಸು ಮುಗಿಯಿತು ಎಂದುಕೊಂಡೆ.

ಹನ್ನೊಂದು ಗಂಟೆಗೆ ಕೊಟ್ಟಿಗೆಹಾರದಲ್ಲಿ ಸಿಕ್ಕ. ಹೋಟೆಲಿನ ಹೊರಗೆ ನಿಂತು ನೀರುದೋಸೆ ತಿನ್ನುತ್ತಿದ್ದ. ನನ್ನನ್ನು ಕಂಡ. ತಟ್ಟೆ ಕಟ್ಟೆಯ ಮೇಲಿಟ್ಟು ಜೀಪಿಗೆ ಹಾರಿದ!

ತಪ್ಪಿಲ್ಲದವನು ನೀರುದೋಸೆ ಅರ್ಧಕ್ಕೆ ಬಿಟ್ಟು ಓಡುತ್ತಾನೆಯೇ?

ಜೀಪು ಕಳಸದ ರಸ್ತೆಗೆ ತಿರುಗಿತು. ನನ್ನ ಸ್ಕೂಟರ್ ಬೆನ್ನು ಹತ್ತಿತು. ಮಂಜು... ತಿರುವು... ಇನ್ನೊಂದು ತಿರುವು... ಏರಿನಲ್ಲಿ ನನ್ನ ಸ್ಕೂಟರಿನ ವೇಗ ಎಷ್ಟೆಂದರೆ, ಸೌದೆ ಹೊತ್ತ ಮುದುಕಿಯೊಬ್ಬಳು ಪಕ್ಕದಲ್ಲೇ ನಡೆಯುತ್ತ, "ಕೆಟ್ಟೋಯ್ತಾ ತಮ್ಮ?" ಎಂದು ಕೇಳಿದಳು. ಬಾಳೂರು ದಾಟಿದ ಮೇಲೆ ನಾಗೇಶ ಸಿಕ್ಕಿದ್ದು ನನ್ನ ಸಾಹಸದಿಂದಲ್ಲ. ಹೊರನಾಡಿನಿಂದ ಬರುತ್ತಿದ್ದ ಬಸ್ಸು ತಿರುವಿನಲ್ಲಿ ಲಾರಿಗೆ ಎದುರಾಗಿ ರಸ್ತೆಯೇ ಬಂದ್ ಆಗಿತ್ತು.

ಸ್ಕೂಟರ್ ಬೀಳಿಸಿ ಓಡಿದೆ. ಅವನ ಕಾಲರ್ ಹಿಡಿದೆ.

"ಹೇಳು! ನನ್ನ ಟೂಲಿಗೆ ಏನು ಮಾಡ್ದೆ?"

"ಎಂತ ಟೂಲು?" ಅವನು ನನ್ನ ಕಾಲರ್ ಹಿಡಿದ. ಅವನ ಹಿಡಿತ ನನ್ನದಕ್ಕಿಂತ ಗಟ್ಟಿಯಾಗಿತ್ತು. "ಸ್ಪಾನರ್ರಾ, ಜಾಕಾ?"

"ಮತ್ಯಾಕೆ ಓಡ್ದೆ?"

"ಪರ್ಮಿಷನ್ ಇಲ್ದೆ ಎಸ್ಟೇಟ್ ರಸ್ತೇಲಿ ಟೂರಿಸ್ಟ್ ಕರ್ಕೊಂಡು ಹೋಗಿದ್ದೆ ಮಾರಾಯ! ಅದಕ್ಕೇ ಹಿಡಿಯಕ್ಕೆ ಬಂದೆ ಅಂದ್ಕೊಂಡೆ. ಮುಂದೆ ಬಾ. ನೋಡಿಲ್ಲಿ!"

ಜೀಪಿನ ಮುಂಭಾಗ ನೋಡಿದೆ. ಎಡಗಡೆಯ ಹೆಡ್‌ಲೈಟ್ ಇರಲಿಲ್ಲ. ಬಾನೆಟ್ಟು ಒಳಗೆ ಕುಸಿದಿತ್ತು. ಮನುಷ್ಯ ಮಾಡಿದ ಪೆಟ್ಟಲ್ಲ.

"ಬೆಳಿಗ್ಗೆ ಏಳು ಗಂಟೆಗೆ ನಿನ್ನ ಹೊಸ ರೈಟ್ರಿಗೇ ಫೋನ್ ಮಾಡಿ ಕೇಳ್ದೆ. ಆನೆ ಇಲ್ಲ ಅಂತು. ಹೋದೆ. ಆರು ಜನ ಇದ್ರು ಒಳಗೆ... ರಿವರ್ಸಲ್ಲಿ ಒಂದು ಕಿಲೋಮೀಟರ್ ಬಂದೆ. ನಿನ್ನ ಜನ್ಮ ಜಾಲಾಡ್ಬೇಕು ಅಂತ ನಾನೇ ಅಂದ್ಕೊಂಡಿದ್ದೆ!"

ನನ್ನ ಕೈ ಅವನ ಕಾಲರಿನಿಂದ ತಾನಾಗಿ ಜಾರಿತು. ಅವನು ನನ್ನ ಕಾಲರ್ ಬಿಡಲಿಲ್ಲ.

ಹಾಗೇ ನಿಂತುಕೊಂಡು ಕ್ಯಾಂಪಿನ ಟ್ರ್ಯಾಕರ್ ಸ್ವಾತಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ಸಿಕ್ಕಳು. ಏದುಸಿರು ಬಿಡುತ್ತಿದ್ದಳು.

"ಸಿಗ್ನಲ್ಲಿಗೆ ಗುಡ್ಡ ಹತ್ತಿ ಬಂದೆ ಸರ್. ಬೆಳಗಿನ ಜಾವದಿಂದ ಕ್ಯಾಂಪಲ್ಲಿ ಕರೆಂಟಿಲ್ಲ, ಕಂಪ್ಯೂಟರ್ ಆಫ್. ನಾನು ಪುಸ್ತಕದಲ್ಲಿ ಬರೆದಿಟ್ಟಿದೀನಿ. ಒಂಟಿ ಸಲಗ, ಆರನೇ ಬ್ಲಾಕ್, ಬೆಳಿಗ್ಗೆ ಆರು ಗಂಟೆ."

"ಕಂಪ್ಯೂಟರ್ ಆಫ್ ಆದ್ರೆ ನನ್ನ ಟೂಲಿಗೆ ಏನು ಸಿಗುತ್ತೆ?"

"ಅದನ್ನ ನೀವು ಹೇಳ್ಬೇಕು ಸರ್. ಟೂಲ್ ನಿಮ್ಮದು."

ಕಾಲರ್ ಬಿಡಿಸಿಕೊಂಡು, ಸ್ಕೂಟರಿನಿಂದ ಲ್ಯಾಪ್‌ಟಾಪ್ ತಂದು ಒಡೆದ ಬಾನೆಟ್ಟಿನ ಮೇಲೆ ಇಟ್ಟೆ. ತೆರೆದೆ.

ಕಳ್ಳ ಸಿಕ್ಕ.

ನನ್ನ ಟೂಲಿನೊಳಗಿನ ಎರಡೇ ಸಾಲು. ಕ್ಯಾಂಪಿನ ಕಂಪ್ಯೂಟರ್ ಹತ್ತು ಸೆಕೆಂಡಿನಲ್ಲಿ ಉತ್ತರ ಕೊಡದಿದ್ದರೆ, ಖಾಲಿ ಪಟ್ಟಿ ಕೊಟ್ಟು ಸುಮ್ಮನಿರು. ಏಜೆಂಟಿಗೆ ಖಾಲಿ ಪಟ್ಟಿ ಸಿಕ್ಕಿತು. ಪಟ್ಟಿಯಲ್ಲಿ ಆನೆ ಇಲ್ಲ. ಆದ್ದರಿಂದ ಬ್ಲಾಕಿನಲ್ಲೂ ಆನೆ ಇಲ್ಲ! ನೋಡಿದೆ, ಇಲ್ಲ ಎನ್ನುವುದಕ್ಕೂ ನೋಡಲಾಗಲಿಲ್ಲ ಎನ್ನುವುದಕ್ಕೂ ನಾನು ಒಂದೇ ಉತ್ತರ ಬರೆದಿದ್ದೆ.

ಏಕೆ ಬರೆದೆ? ಅದೂ ನೆನಪಾಯಿತು. ಮಾರ್ಚಿನಲ್ಲಿ ಚಿಕ್ಕಮಗಳೂರಿನಲ್ಲಿ ಮಾಲೀಕರಿಗೆ ತೋರಿಸುವಾಗ ಪರದೆಯ ಮೇಲೆ ಕೆಂಪಕ್ಷರದ ಎರರ್ ಬಂತು. "ಎಂತದು ವೀರೇಂದ್ರ, ಕೆಂಪು ಬಾವುಟ ತೋರಿಸ್ತಿದೀರಿ?" ಎಂದರು ಹಿರಿಯ ಮಾಲೀಕರಾದ ಗಂಗಾಧರಪ್ಪನವರು. ಹಾಲ್ ಪೂರ್ತಿ ನಕ್ಕಿತು. ನಾನು ಟಾಯ್ಲೆಟ್ಟಿಗೆ ಹೋಗಿ, ಬಾಗಿಲು ಹಾಕಿಕೊಂಡು, ಆ ಎರಡು ಸಾಲು ಸೇರಿಸಿದೆ. ಮತ್ತೆಂದೂ ಕೆಂಪು ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾನ ಉಳಿಯಿತು. ಮರಿಯಮ್ಮನ ಕಾಲು ಮುರಿಯಿತು.

"ಇವತ್ತು ಯಾವ ವಾರ?" ನಾಗೇಶ ಥಟ್ಟನೆ ಕೇಳಿದ.

"ಶನಿವಾರ."

"ಶಾಲೆ ಅರ್ಧ ದಿನ! ಮಕ್ಕಳನ್ನ ಮನೆಗೆ ಬಿಡೋ ಕುಮಾರನ ಜೀಪು ಹನ್ನೆರಡಕ್ಕೆ ಹೊರಡ್ತದೆ. ಆರನೇ ಬ್ಲಾಕಿನ ಕೆಳಗಿನ ಮೋರಿ ಮೇಲೇ ಹೋಗ್ಬೇಕು. ಅವನೂ ನಿನ್ನ ರೈಟ್ರನ್ನ ಕೇಳಿಯೇ ಹೊರಡೋದು!"

ಹನ್ನೊಂದು ನಲವತ್ತಾರು. ಕುಮಾರನಿಗೆ ಫೋನ್ ಮಾಡಿದೆ. ಬಿಜಿ... ಮತ್ತೆ ಮಾಡಿದೆ. ಬಿಜಿ!

ಎರಡು ಸಲ ತಪ್ಪು ಪಾಸ್‌ವರ್ಡ್ ಹೊಡೆದೆ. ನಾಗೇಶ ತನ್ನ ಫೋನಿನ ಇಂಟರ್‌ನೆಟ್ ಕೊಟ್ಟ. ಮಳೆ ಹನಿಯತೊಡಗಿತು. ಜಾಕೆಟ್ ಬಿಚ್ಚಿ ಲ್ಯಾಪ್‌ಟಾಪಿನ ಮೇಲೆ ಹಿಡಿದ.

"ಬೇಗ ಮಾರಾಯ!"

ಹಳೆಯ ಎರಡು ಸಾಲು ಕಿತ್ತೆಸೆದೆ. ಹೊಸ ನಾಲ್ಕು ಸಾಲು ಬರೆದೆ. ಕ್ಯಾಂಪಿನಿಂದ ಉತ್ತರ ಬರದಿದ್ದರೆ ಏಜೆಂಟಿಗೆ ಹೇಳು: ದಾಖಲೆ ನೋಡಲಾಗಲಿಲ್ಲ, ಆನೆ ಇದೆಯೋ ಇಲ್ಲವೋ ಗೊತ್ತಿಲ್ಲ, ಜನರನ್ನು ತಡೆ.

"ಇದಿಷ್ಟೇ ಸಾಕಾಗಲ್ಲ," ನಾಗೇಶ ಹೇಳಿದ. "ಬೆಳಿಗ್ಗೆಯೇ ಕೇಳಿ ಒಪ್ಕೊಂಡೋರು ಮತ್ತೆ ಯಾಕೆ ಕೇಳ್ತಾರೆ? ನಮ್ಮ ಡ್ರೈವರ್‌ಗಳ ಗ್ರೂಪಲ್ಲಿ ಇನ್ನೂರು ಜನ ಇದಾರೆ. ವಾಯ್ಸ್ ಮೆಸೇಜ್ ಹಾಕು. ನೀನೇ ಮಾತಾಡು."

"ಸಿಸ್ಟಮ್ಮಿನಲ್ಲಿ ಸಣ್ಣ ತೊಂದರೆ..." ಎಂದು ಶುರುಮಾಡಿದೆ.

ಅವನು ಫೋನ್ ಕಿತ್ತುಕೊಂಡ. "ಸಣ್ಣ ತೊಂದರೆ ಅಂದ್ರೆ ಯಾರೂ ನಿಲ್ಸಲ್ಲ! ತಪ್ಪು ಯಾರ್ದು, ಅದನ್ನ ಹೇಳು."

ಕಳ್ಳರನ್ನು ಒಪ್ಪಿಸುವುದು ನನಗೆ ಅಭ್ಯಾಸ. ಈ ಕಡೆ ನಿಂತಿದ್ದು ಅದೇ ಮೊದಲು.

"ನಾನು ವೀರೇಂದ್ರ. ಬೆಳಿಗ್ಗೆಯಿಂದ ಹೊಸ ರೈಟ್ರು ಹೇಳಿದ್ದನ್ನ ಯಾರೂ ನಂಬಬೇಡಿ. ತಪ್ಪು ನಂದು. ಆರನೇ ಬ್ಲಾಕಲ್ಲಿ ಸಲಗ ಇದೆ. ಮೋರಿ ಕಡೆ ಹೋಗಬೇಡಿ!"

ಹನ್ನೆರಡು ಎಂಟಕ್ಕೆ ಕುಮಾರನ ಫೋನ್ ಬಂತು.

"ಗೇಟ್ ದಾಟಿದ್ದೆ ಸಾರ್, ವಾಪಸ್ ತಗೊಂಡೆ. ಹನ್ನೊಂದು ಮಕ್ಕಳಿದಾರೆ. ಹಾಲಿನ ವ್ಯಾನಿನವ್ರು ಈಗ ಫೋನ್ ಮಾಡಿದ್ರು... ಆನೆ ಮೋರಿ ಮೇಲೇ ನಿಂತಿದೆಯಂತೆ."

ನಾನು ರಸ್ತೆಯ ಪಕ್ಕ ಕುಕ್ಕರಿಸಿದೆ. ನಾಗೇಶ ನನ್ನ ಪಕ್ಕದಲ್ಲೇ ಕೂತ. ಬಸ್ಸಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ಸಂಜೆ ಆಸ್ಪತ್ರೆಗೆ ಹೋದೆ. ಮರಿಯಮ್ಮನ ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ಶಿವಯ್ಯ ನನ್ನನ್ನು ನೋಡಿ ಕಿಟಕಿಯ ಕಡೆ ತಿರುಗಿದ. ಯಾರೂ ಕೈ ಹಾಕಿರಲಿಲ್ಲ, ತಪ್ಪು ನನ್ನದೇ ಎಂದು ಅವನ ಬೆನ್ನಿಗೇ ಹೇಳಿದೆ.

"ಈಗ ಸರಿಯಾಯ್ತಾ ಸಾರ್ ಅದು?" ಮರಿಯಮ್ಮ ಕೇಳಿದರು.

"ಆಯ್ತು ಮರಿಯಮ್ಮ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳೋದು ಕಲಿಸಿದೀನಿ."

"ಅಷ್ಟು ಕಲಿಯಕ್ಕೆ ಎಷ್ಟು ಹೊತ್ತು ಬೇಕಾಯ್ತು?"

"ಮಿಷಿನ್ನಿಗೆ ಆರು ನಿಮಿಷ," ಎಂದೆ. "ನನಗೆ ನಲವತ್ತೆರಡು ವರ್ಷ."