ಚಿನ್ನಯ್ಯನ ಅಂಗೈ

ಲಾರಿಗಳು ಹೊಸದಾಗಿ ಬಂದ ಕಾಲ. ಚಳ್ಳಕೆರೆಯ ಕೊಟ್ಟೂರಪ್ಪನವರ ಲಾರಿಯನ್ನು ನಾನೇ ಓಡಿಸುತ್ತಿದ್ದೆ. ಗೇರ್‌ಬಾಕ್ಸು ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳೊಂದು ಅದರಲ್ಲಿತ್ತು.

ಒಂದು ಮಟಮಟ ಮಧ್ಯಾಹ್ನ ಶೇಂಗಾ ಹೇರಿಕೊಂಡು ಮೊಳಕಾಲ್ಮೂರಿಗೆ ಹೊರಟಿದ್ದೆವು. ಬಿ.ಜಿ. ಕೆರೆ ದಾಟಿದ ಮೇಲೆ, ಇಂಜಿನ್ನಿಗೆ ನೀರು ತರಲು ನನ್ನ ಬಾಮೈದ ಚಿನ್ನಯ್ಯ ದಾರಿಬದಿಯ ಬಾವಿಗಿಳಿದ. ಬಹಳ ಹೊತ್ತು ಬರಲಿಲ್ಲ. ಬಂದಾಗ ತಲೆಯಿಂದ ನೀರು ಸುರಿಯುತ್ತಿತ್ತು.

"ಕಾಲು ಜಾರ್ತು ಭಾವ. ಏನೂ ಆಗಿಲ್ಲ" ಅಂದ.

ಅವನು ಪಕ್ಕದಲ್ಲಿ ಕೂತು ಗೇರ್‌ಬಾಕ್ಸಿನ ಮೇಲೆ ಕಾಲಿಟ್ಟದ್ದೇ ತಡ, ಮುಳ್ಳು ತಳಕ್ಕೆ ಬಿತ್ತು. ಎಣ್ಣೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಮತ್ತೆ ಏಳಲಿಲ್ಲ. ಮುಳ್ಳು ಕೆಟ್ಟಿತೆಂದು ಲಾರಿ ನಿಲ್ಲಿಸಿ, ಗೇರ್‌ಬಾಕ್ಸಿನೊಳಗೆ ಬಿಸಿ ಹಿಡಿದು ಕೊಳವೆಯ ಮೂಲಕ ಮುಳ್ಳಿಗೆ ಮುಟ್ಟಿಸುವ ತಾಮ್ರದ ಗುಂಡನ್ನು ಬಿಚ್ಚಿದೆ. ಇಂಜಿನ್ನಿನ ಬಿಸಿನೀರಿಗೆ ಅದ್ದಿದರೆ ಮುಳ್ಳು ಸರಕ್ಕನೆ ಏರಿತು. ನನ್ನ ಮುಷ್ಟಿಯಲ್ಲಿ ಹಿಡಿದರೆ ಮೈಬಿಸಿಯಷ್ಟು ತೋರಿಸಿತು.

"ಕೊಡು ಭಾವ, ನಾನು ಹಿಡೀತೀನಿ" ಎಂದು ಚಿನ್ನಯ್ಯ ಕೈಗೆ ತೆಗೆದುಕೊಂಡ. ಮುಳ್ಳು ಮತ್ತೆ ತಳ ಮುಟ್ಟಿತು.

"ಸರಿ ಹೋಯ್ತಾ?"

"ಹೂಂ" ಅಂದೆ. ಗುಂಡನ್ನು ಮತ್ತೆ ಕೂರಿಸಿ ಲಾರಿ ಹೊರಡಿಸಿದೆ.

ಇವತ್ತಿಗೂ ಅವನು ನಮ್ಮ ಮನೆಯಲ್ಲೇ ಇದ್ದಾನೆ. ದುಡಿಯುತ್ತಾನೆ, ನಗುತ್ತಾನೆ. ಬಿಸಿ ಮುದ್ದೆಗೆ ಕೈಯಿಟ್ಟರೆ ಮಾತ್ರ ಹಬೆ ನಿಂತುಹೋಗುತ್ತದೆ. ಅವನ ಅಕ್ಕ, ನನ್ನ ಹೆಂಡತಿ ಸೂರಮ್ಮ, ಬಡಿಸಿದ ಕೂಡಲೇ ಮುಖ ತಿರುಗಿಸುತ್ತಾಳೆ. ಮೊನ್ನೆ ಒಲೆಯ ಮುಂದೆ ಕೂತು ಮೆಲ್ಲಗೆ ಅಂದಳು: "ಒಂದ್ಸಲ ಆ ಬಾವಿ ಇಣುಕಿ ನೋಡ್ಕೊಂಡು ಬರ್ರಿ."

ನಾನಿನ್ನೂ ಹೋಗಿಲ್ಲ.